ಬರದಿದ್ದರೂ ನಡೆಯುತ್ತದೆ

ನಮ್ಮ ಊರಿನಲ್ಲಿ ಬೆಳಿಗ್ಗೆ ನಾನು ಟೈಪ್ ಮಾಡುವವರೆಗೆ ಯಾರೂ ಮಾತಾಡುತ್ತಿರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಅದು ನನ್ನ ನೌಕರಿ. ಊರಿನವರ ಧ್ವನಿಗಳೆಲ್ಲ ಪುರಸಭೆಯ ಹಿಂದಿನ ಕೋಣೆಯಲ್ಲಿ, ಅಂಗೈ ಅಗಲದ ಡಬ್ಬಿಗಳಲ್ಲಿ ಇರುತ್ತವೆ. ಡಬ್ಬಿಗೊಂದು ಅರಿವೆಯ ಚೀಲ, ಚೀಲಕ್ಕೊಂದು ಮೊಳೆ. ಪ್ರತಿ ಡಬ್ಬಿಯಿಂದ ಒಂದು ತಂತಿ ಹೊರಟು ಕೋಣೆಯ ನಡುವಿನ ಲಿನಕ್ಸ್ ಕಂಪ್ಯೂಟರಿಗೆ ಸೇರುತ್ತದೆ. ಹೊರಗಿನಿಂದ ಬರುವ ರಿಪೇರಿಯವನು ಅವನ್ನು ಎಕ್ಸ್‌ಟರ್ನಲ್ ಡ್ರೈವ್ ಎನ್ನುತ್ತಾನೆ; ನಾವು ಡಬ್ಬಿ ಎನ್ನುತ್ತೇವೆ. ರಾತ್ರಿ ಊರಿನ ಕರೆಂಟು ತೆಗೆದೊಡನೆ ಕಂಪ್ಯೂಟರು ಮಲಗುತ್ತದೆ, ಅದರೊಂದಿಗೆ ಮಾತೂ ಮಲಗುತ್ತದೆ. ನಸುಕಿನಲ್ಲಿ ಕರೆಂಟು ಬಂದು ಕಂಪ್ಯೂಟರು ಎದ್ದರೂ ಡಬ್ಬಿಗಳು ತಾವಾಗಿ ತೆರೆಯುತ್ತಿರಲಿಲ್ಲ. ತಂತಿ ಸಿಕ್ಕಿಸಿದ್ದರಷ್ಟೇ ಸಾಲದು. ಈ ಡಬ್ಬಿ ಈ ಜಾಗಕ್ಕೆ ಎಂದು ಒಂದೊಂದನ್ನೂ ಮೌಂಟ್ ಮಾಡಬೇಕು. ನಾನು ಒಂದು ಸಾಲು ಟೈಪಿಸಿ ಎಂಟರ್ ಒತ್ತಿದಾಗ ಊರಿನ ಯಾವುದೋ ಮನೆಯಲ್ಲಿ ಯಾರೋ ಒಬ್ಬರು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ನಿನ್ನೆ ಅರ್ಧಕ್ಕೆ ನಿಂತ ಜಗಳವನ್ನು ಮುಂದುವರಿಸುತ್ತಿದ್ದರು.

ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಈ ಕೆಲಸದ ಸಂದರ್ಶನದಲ್ಲಿ ಕೇಳಿದ ಯಾವ ಪ್ರಶ್ನೆಗೂ ಉತ್ತರ ಹೊಳೆಯದೆ ಸುಮ್ಮನೆ ಕುಳಿತಿದ್ದೆ. ಧ್ವನಿಗಳನ್ನು ಕಾಯಲು ಇಂಥವನೇ ಬೇಕು ಎಂದು ಒಮ್ಮತದಿಂದ ಆರಿಸಿದರು. ಮನೆಯವರು ಇದನ್ನು ನನ್ನ ವಿದ್ಯೆಗೆ ಸಂದ ಗೌರವವೆಂದೇ ತಿಳಿದಿದ್ದಾರೆ. ಕರೆಂಟು ಬಂದ ಮೇಲೆ, ಮೊದಲ ಸಾಲು ಟೈಪಿಸುವ ಮುನ್ನ, ನಾನು ಸ್ವಲ್ಪ ಹೊತ್ತು ಕೈಕಟ್ಟಿ ಕೂರುತ್ತಿದ್ದೆ. ಹಾಲಿನವರು ಕ್ಯಾನಿಗೆ ಚಮಚ ಬಡಿದು ಕರೆಯುವ ಸದ್ದು, ಅಂಗಳ ಗುಡಿಸುವ ಸದ್ದು, ಹೇಳಬೇಕಾದದ್ದನ್ನು ಹೇಳಲಾಗದವರು ಪಾತ್ರೆಗಳನ್ನು ಕುಕ್ಕುವ ಸದ್ದು. ಮೌನದಲ್ಲಿ ಎಷ್ಟು ಬಗೆಗಳಿವೆ ಎಂದು ನನ್ನ ಪ್ರಾಧ್ಯಾಪಕರಿಗೆ ಗೊತ್ತಿರಲಿಲ್ಲ. ಅವರಿಗೆ ಪಾಠ ನಿಲ್ಲಿಸಿ ಗೊತ್ತಿರಲಿಲ್ಲ.

ತೆರೆಯುವ ಸರದಿ ನನ್ನದೇ. ಶಾಲೆಯ ಮಕ್ಕಳದು ಮೊದಲು, ಬಾಣಂತಿಯರದು ಆಮೇಲೆ, ಕಾಯಿಲೆಯವರದು ಅದರ ನಂತರ. ಅಧ್ಯಕ್ಷ ವಿರೂಪಣ್ಣನವರದು ಕೊನೆಗೆ. ಅವರ ಡಬ್ಬಿ ಹಳೆಯದು, ಭಾರದ್ದು, ಎದ್ದೇಳಲು ಹೊತ್ತು ಹಿಡಿಯುತ್ತದೆ ಎಂಬ ತಾಂತ್ರಿಕ ಕಾರಣ ನನ್ನ ಬಳಿ ಸದಾ ಸಿದ್ಧವಿರುತ್ತಿತ್ತು.

ಮೊಳೆಗಳ ಸಾಲಿನಲ್ಲಿ ಒಂದು ಮೊಳೆ ಖಾಲಿ. ಅದರ ಕೆಳಗೆ ಒಂದು ತಂತಿ ತುದಿ ಬರಿದಾಗಿ ಜೋತಾಡುತ್ತದೆ. ಅದು ಗಿರಣಿ ಚಂಪವ್ವನ ತಂಗಿ ಅನಸೂಯಾಳ ಜಾಗ. ಅಕ್ಕತಂಗಿಯರಿಬ್ಬರೂ ಸೇರಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಸರದಿ ಬೇಗ ಸಾಗಲೆಂದು ಚಂಪವ್ವ ಹಿಟ್ಟನ್ನು ತರಿತರಿಯಾಗಿ ಬೀಸುತ್ತಾಳೆಂದು ಅನಸೂಯಾಳ ತಕರಾರು. ತಂಗಿ ಒಂದೊಂದು ಡಬ್ಬಿ ಜೋಳವನ್ನೂ ಮದುವೆಮನೆಯ ಅರಿಸಿನದಂತೆ ನುಣ್ಣಗೆ ಬೀಸುತ್ತ ಕೂರುತ್ತಾಳೆಂದು ಅಕ್ಕನ ತಕರಾರು. ಒಂದು ದಿನ ಗಿರಾಕಿಗಳ ಎದುರಿಗೇ ಅದು ಹತ್ತಿಕೊಂಡಿತು. "ಇನ್ನ ಮ್ಯಾಲ ನಿನ್ನ ಧ್ವನಿ ನನ್ನ ಕಿವಿಗೆ ಬೀಳಬಾರದು" ಎಂದಳು ಚಂಪವ್ವ. ಬೇರೆ ಊರುಗಳಲ್ಲಿ ಇದು ಸಿಟ್ಟಿನ ಮಾತು. ನಮ್ಮಲ್ಲಿ ಪಾಲಿಸಬಹುದಾದ ಆಜ್ಞೆ. ಅನಸೂಯಾ ಮೈಮೇಲಿನ ಹಿಟ್ಟನ್ನೂ ಕೊಡವದೆ ನೇರ ನನ್ನ ಕೋಣೆಗೆ ಬಂದಳು. ತೆಗೆಯುವ ಮುನ್ನ ಅನ್‌ಮೌಂಟ್ ಮಾಡಿ ಮುಚ್ಚಬೇಕು, ಅವಸರ ಮಾಡಬಾರದು ಎಂದು ನಾನು ವಿವರಿಸತೊಡಗಿದೆ. "ನಿಮ್ಮ ಶಾಸ್ತ್ರ ನಿಮ್ಮ ಕಡೆ ಇಟ್ಕೊಳ್ರಿ, ಆಕಿಗೆ ಹೇಳ್ರಿ ನಾ..." ಎನ್ನುವಷ್ಟರಲ್ಲಿ ಡಬ್ಬಿ ಕಿತ್ತೇಬಿಟ್ಟಿದ್ದಳು. ಅಕ್ಕನಿಗೆ ಏನು ಹೇಳಬೇಕಾಗಿತ್ತೋ ಅದು ತಂತಿಯಲ್ಲೇ ಉಳಿಯಿತು. ಮಧ್ಯಾಹ್ನದ ಬಸ್ಸಿಗೆ ಹೋದಳು. ಊರು ಬಿಡುವವರು ಡಬ್ಬಿ ಒಯ್ಯುತ್ತಾರೆ; ಮುಂದೆ ಯಾವ ಕಂಪ್ಯೂಟರಿಗೆ ಸಿಕ್ಕಿಸುತ್ತಾರೆ, ಯಾರ ಹತ್ತಿರ ಮಾತಾಡುತ್ತಾರೆ ಎಂಬುದು ಅವರವರ ಅದೃಷ್ಟ.

ಅಂದಿನಿಂದ ಚಂಪವ್ವ ಸಂಜೆ ಗಿರಣಿ ಮುಚ್ಚಿ ಹೋಗುವಾಗ ಕೋಣೆಯ ಬಾಗಿಲಲ್ಲಿ ನಿಂತು ಆ ಮೊಳೆ ನೋಡಿ ಹೋಗುತ್ತಿದ್ದಳು. "ಏನರ ಬೇಕೇನವಾ?" ಎಂದರೆ "ಏನಿಲ್ಲ ತಮ್ಮಾ, ಗಾಳಿಗೆ ನಿಂತೀನಿ" ಎನ್ನುತ್ತಿದ್ದಳು. ಆ ಕೋಣೆಗೆ ಕಿಟಕಿ ಇಲ್ಲ.

ಹೀಗಿರುವಾಗ ವಿರೂಪಣ್ಣನವರು ಪುರಸಭೆಯ ಸಭೆಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು. "ಏ ಪದವೀಧರ, ನಾ ಮುಂಜಾನೆ ಎದ್ದು ಹೆಂಡತಿ ಕಡೆ ಚಹಾ ಕೇಳಬೇಕಂದ್ರ ನಿನ್ನ ಬೆರಳು ಕಾಯಬೇಕೇನು?"

"ಕೈಸನ್ನಿ ಮಾಡಿ ಕೇಳಬಹುದಲ್ರಿ" ಎಂದೆ.

"ಸನ್ನಿ ಮಾಡಿದ್ರ ಕಷಾಯ ತರ್ತಾಳ. ಇಷ್ಟು ವರ್ಷ ಸಂಸಾರ ಮಾಡಿದ್ರೂ ನನ್ನ ಸನ್ನಿ ಆಕಿಗೆ ತಿಳದಿಲ್ಲ."

"ಮಾತು ತಿಳದಾವೇನ್ರಿ?" ಎಂದರು ಸದಸ್ಯರಾದ ಶೇಷಗಿರಿ ಮಾಸ್ತರರು. ನಿವೃತ್ತರಾದ ಮೇಲೆ ಅವರು ಇಡೀ ಊರನ್ನು ತರಗತಿಯೆಂದು ಭಾವಿಸಿದ್ದರು. ನಗು ನಿಂತ ಮೇಲೆ ನಿರ್ಣಯವಾಯಿತು. ಕರೆಂಟು ಬಂದೊಡನೆ ಡಬ್ಬಿಗಳು ತಾವಾಗಿಯೇ ತೆರೆಯಬೇಕು, ಅದಕ್ಕೆ ಪದವೀಧರನೇ ಏರ್ಪಾಡು ಮಾಡಬೇಕು. ಅಂದರೆ ನನ್ನ ಕೆಲಸವನ್ನು ನಾನೇ ಅನಗತ್ಯ ಮಾಡಿಕೊಳ್ಳಬೇಕು. ಓದಿದವರಿಗೆ ಇಂಥ ಕೆಲಸ ಸಿಗುವುದು ಹೊಸದಲ್ಲವಾದ್ದರಿಂದ ಒಪ್ಪಿಕೊಂಡೆ.

ಲಿನಕ್ಸಿನಲ್ಲಿ ಇದಕ್ಕೊಂದು ಕಡತವಿದೆ. ಯಾವ ಡಬ್ಬಿ ಎಲ್ಲಿ ತೆರೆಯಬೇಕೆಂದು ಅದರಲ್ಲಿ ಸಾಲಿಗೊಂದರಂತೆ ಬರೆದಿಟ್ಟರೆ ಕಂಪ್ಯೂಟರು ಏಳುವಾಗ ಓದಿಕೊಂಡು ತಾನೇ ತೆರೆಯುತ್ತದೆ. ಡಬ್ಬಿಗಳನ್ನು ಗುರುತಿಸಲು ಎರಡು ದಾರಿ. ಒಂದು, ಪ್ರತಿ ಡಬ್ಬಿಗೂ ಹುಟ್ಟಿನಿಂದ ಬಂದ, ಅಂಕಿ ಅಕ್ಷರ ಬೆರೆತ ಉದ್ದನೆಯ ನಂಬರು. ಇನ್ನೊಂದು, ಮೊದಲನೆಯದು, ಎರಡನೆಯದು, ಮೂರನೆಯದು ಎಂಬ ಸರದಿ. ಉದ್ದನೆಯ ನಂಬರೇ ಲೇಸು ಎಂದು ನಾನು ಹೇಳಿದೆ. ವಿರೂಪಣ್ಣನವರು ಆ ನಂಬರನ್ನು ನೋಡಿ, "ಇದರಾಗ ನಾ ಅಧ್ಯಕ್ಷ ಅನ್ನೋದು ಎಲ್ಲಿ ಕಾಣತೈತಿ?" ಎಂದರು. ಎಲ್ಲೂ ಕಾಣುತ್ತಿರಲಿಲ್ಲ. ಹಾಗಾಗಿ ಸರದಿಯೇ ನಿಂತಿತು. ಮೊದಲನೆಯದು ಅಧ್ಯಕ್ಷರು, ಎರಡನೆಯದು ಅವರ ಪತ್ನಿ, ಆಮೇಲೆ ಸದಸ್ಯರು, ಹೀಗೆ ಇಳಿಯುತ್ತ ಇಳಿಯುತ್ತ ಗಿರಣಿ, ಮಡಿಕೆ ಮಾರುವವರು, ಕೊನೆಯಲ್ಲಿ ನಾನು.

ಕಂಪ್ಯೂಟರಿಗೆ ನಮ್ಮ ಮಾನಮರ್ಯಾದೆ ಗೊತ್ತಿಲ್ಲ. ಅದು ಯಾವ ಡಬ್ಬಿ ಮೊದಲು ಎಚ್ಚರವಾಯಿತೋ ಅದನ್ನೇ ಮೊದಲನೆಯದೆಂದು ಎಣಿಸುತ್ತದೆ. ಮರುದಿನ ನಸುಕಿನಲ್ಲಿ, ಊರು ಏಳುವ ಮೊದಲೇ ಎದ್ದು ರೂಢಿಯಾದ ಚಂಪವ್ವನ ಡಬ್ಬಿ ಎಲ್ಲರಿಗಿಂತ ಮೊದಲು ಕಣ್ಣುಬಿಟ್ಟಿತು. ಅಧ್ಯಕ್ಷರದು ಎಂದಿನಂತೆ ಕೊನೆಯ ಕಡೆ ಎದ್ದಿತು. ಬಚ್ಚಲಿನಲ್ಲಿ ನಿಂತು ವಿರೂಪಣ್ಣನವರು "ಬಿಸಿನೀರು ಎಲ್ಲೈತಿ?" ಎಂದು ಕೂಗಿದಾಗ ಬಂದದ್ದು ಗಿರಣಿಯ ಗದ್ದಲವನ್ನು ಮೀರಿ ಕೂಗಿ ಪಳಗಿದ ಚಂಪವ್ವನ ಧ್ವನಿ. ಹೆಂಡತಿ ಕಸಬರಿಗೆ ಹಿಡಿದು ಬಂದು, "ಗಿರಣಿ ಬಿಟ್ಟು ನನ್ನ ಬಚ್ಚಲದಾಗ ಏನ್ ಮಾಡಾಕತ್ತೀಯೇ, ಹೊರಗ ಬಾ!" ಎಂದರು. ಅದು ಶೇಷಗಿರಿ ಮಾಸ್ತರರ ಧ್ವನಿಯಲ್ಲಿ. ಒಳಗೆ ಪರಹೆಂಗಸಿದ್ದಾಳೆಂದು ಅವರು, ಹೊರಗೆ ಮಾಸ್ತರರು ಕಸಬರಿಗೆ ಹಿಡಿದು ನಿಂತಿದ್ದಾರೆಂದು ಇವರು. ಅಧ್ಯಕ್ಷರು ಬಚ್ಚಲಿನಿಂದ ಹೊರಬರಲು ಬಹಳ ಹೊತ್ತು ಹಿಡಿಯಿತು.

ಚಂಪವ್ವನಿಗೆ ಸಿಕ್ಕದ್ದು ಅಧ್ಯಕ್ಷರ ಧ್ವನಿ. ಅವಳು ಮೊದಲು ಬೆಚ್ಚಿದಳು, ಆಮೇಲೆ ಬುದ್ಧಿವಂತೆಯಾದಳು. ಗಿರಣಿಯ ಬಾಗಿಲ ಹಿಂದೆ ನಿಂತು, "ಯಾರಲೇ ಅಲ್ಲಿ? ಈ ಗಟಾರ ಇವತ್ತ ಬಳೀಬೇಕು ನೋಡ್ರಿ!" ಎಂದು ಗದರಿದಳು. ಎಷ್ಟೋ ಅರ್ಜಿಗಳಿಗೆ ಅಲುಗಾಡದ ಆ ಗಟಾರ ಮಧ್ಯಾಹ್ನದೊಳಗೆ ಸ್ವಚ್ಛವಾಯಿತು. ಊರಿನ ಇತಿಹಾಸದಲ್ಲಿ ಅಧ್ಯಕ್ಷರ ಧ್ವನಿಯಿಂದ ಜನರಿಗೆ ಉಪಯೋಗವಾದ ದಿನ ಅದೊಂದೇ ಎಂದು ಕೆಲವರು ಈಗಲೂ ಹೇಳುತ್ತಾರೆ.

ಸಂಜೆಯೊಳಗೆ ಉದ್ದನೆಯ ನಂಬರುಗಳಿಗೆ ಅನುಮತಿ ಸಿಕ್ಕಿತು. ಗೌರವ ಕಾಣದಿದ್ದರೂ ಚಿಂತೆಯಿಲ್ಲ, ಧ್ವನಿ ತಮ್ಮದೇ ಇದ್ದರೆ ಸಾಕು ಎಂದರು ವಿರೂಪಣ್ಣನವರು, ನಾನು ಹಳೆಯ ರೀತಿ ಟೈಪಿಸಿ ಗಿರಣಿಯಿಂದ ಅವರ ಧ್ವನಿ ವಾಪಸು ತರಿಸಿದ ಕೂಡಲೇ, ಹಿಂದೆ ಮುಂದೆ ನೋಡುತ್ತ. ನಾನು ಒಂದೊಂದೇ ಡಬ್ಬಿಯ ನಂಬರನ್ನು ಕಂಪ್ಯೂಟರಿನಲ್ಲಿ ಓದಿ ಸಾಲು ಬರೆಯುತ್ತ ಕುಳಿತೆ. ಆಗ ಚಂಪವ್ವ ಒಂದು ಹಳೆಯ ಕೌದಿಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದಳು. ಮಗುವಿಗೆ ಡಬ್ಬಿ ಬಂದ ದಿನ ಅದರ ನಂಬರನ್ನು ತೊಟ್ಟಿಲ ಕೌದಿಯ ಮೂಲೆಯಲ್ಲಿ ದಾರದಿಂದ ಹೊಲಿಯುವುದು ನಮ್ಮಲ್ಲಿ ಪದ್ಧತಿ. ಬಣ್ಣ ಮಾಸಿದ ಆ ಮೂಲೆಯಲ್ಲಿ ಅಂಕಿಗಳೂ ಅಕ್ಷರಗಳೂ ಇರುವೆಗಳಂತೆ ಸಾಲುಗಟ್ಟಿದ್ದವು.

"ಇದನ್ನೂ ಬರಕೊ ತಮ್ಮಾ. ಅನಸೂಯಾಂದು. ನಮ್ಮವ್ವ ಹೊಲದದ್ದು. ತಪ್ಪಿರಾಂಗಿಲ್ಲ."

"ಡಬ್ಬಿನೇ ಇಲ್ಲಲ್ಲವಾ."

"ಅದಕ್ಕ ಹೇಳಾಕತ್ತೀನಿ. ಮೊದಲೇನಾಗಿತ್ತು? ಆಕಿ ಬಂದ್ರ ನಿನ್ನ ಮುಂದ ಬಂದು ನಿಂತು, ತೆರೀರಿ ಅಂತ ಕೈಸನ್ನಿ ಮಾಡಿ ಬೇಡಬೇಕಿತ್ತು. ಊರೆಲ್ಲಾ ನೋಡ್ತಿತ್ತು. ಆಕಿ ಬೇಡೋ ಹೆಣ್ಣಲ್ಲ. ಅದಕ್ಕ ಬಂದಿಲ್ಲ. ಈಗ ತಾನ ತೆರೀತೈತಿ ಅಂತೀಯಲ್ಲ, ಹಂಗಾದ್ರ ಸುಮ್ಮನ ಬಂದು ಸಿಗಿಸಿದ್ರ ಮುಗೀತು. ಯಾರನ್ನೂ ಕೇಳೂದ ಬ್ಯಾಡ."

ಅವಳಿಗೆ ಕಂಪ್ಯೂಟರಿನ ಬಗ್ಗೆ ಗೊತ್ತಿದ್ದದ್ದು ಅಷ್ಟೇ. ತಂಗಿಯ ಬಗ್ಗೆ ಮಾತ್ರ ಎಲ್ಲ ಗೊತ್ತಿತ್ತು. ನಾನು ಆ ನಂಬರನ್ನು ಬರೆದುಕೊಂಡೆ. ಬರೆಯುವಾಗ ಅವಳು ಒಂದೊಂದು ಹೊಲಿಗೆಯ ಮೇಲೂ ಬೆರಳಿಟ್ಟು ತೋರಿಸಿದಳು.

ಮರುದಿನ ಕರೆಂಟು ಬಂತು, ಕಂಪ್ಯೂಟರು ಎದ್ದಿತು, ಕಡತ ಓದಿತು, ಅನಸೂಯಾಳ ಸಾಲಿಗೆ ಬಂದು ನಿಂತಿತು. ಬರೆದಿರುವ ಡಬ್ಬಿ ಬರಲೇಬೇಕೆಂಬುದು ಅದರ ನಂಬಿಕೆ. ಕಾಯಿತು. ಆಮೇಲೆ ಬೇಸತ್ತು, ಏನೋ ಕೆಟ್ಟಿದೆ, ಬಂದು ನೋಡಿ ಎಂದು ಕಪ್ಪು ತೆರೆಯ ಮೇಲೆ ಬರೆದು ಸುಮ್ಮನಾಯಿತು. ಯಾರ ಡಬ್ಬಿಯೂ ತೆರೆಯಲಿಲ್ಲ. ಬರದ ಒಬ್ಬಳಿಗಾಗಿ ಇಡೀ ಊರು ಮೂಕವಾಯಿತು.

ಮುರಿದ ಸಾಲನ್ನು ಹುಡುಕಿ ಸರಿಮಾಡುವ ತನಕ ನಾನು ಊರಿನ ಆ ದಿನವನ್ನು ಕೇಳುತ್ತ ಕೂತೆ. ಇಂಥ ಮೌನ ನಾನು ಕಂಡಿರಲಿಲ್ಲ. ಸಂತೆಯಲ್ಲಿ ಚೌಕಾಸಿಯನ್ನು ಹುಬ್ಬುಗಳಿಂದ ಮಾಡಿದರು. ಶಾಲೆಯಲ್ಲಿ ಮಕ್ಕಳು ಮೊದಲ ಸಲ ಪಾಠಕ್ಕೆ ಕಿವಿಗೊಟ್ಟು ಕೂತರಂತೆ, ಪಾಠ ಮಾತ್ರ ಇರಲಿಲ್ಲ. ವಿರೂಪಣ್ಣನವರು ಶಾಲೆಯ ಪಾಟಿಯ ಮೇಲೆ ನನ್ನ ವಂಶವನ್ನು ಕುರಿತು ಉದ್ದಕ್ಕೆ ಬರೆದುಕೊಂಡು ಬಂದರು. ಪಾಟಿ ಸಾಲದೆ ಕೊನೆಯ ತಲೆಮಾರು ಉಳಿದುಹೋಯಿತು. ಅದು ನಾನು. ಚಂಪವ್ವ ಬಾಗಿಲಲ್ಲಿ ನಿಂತು ತೆರೆಯನ್ನು ನೋಡುತ್ತಿದ್ದಳು. ಓದಲು ಬಾರದಿದ್ದರೂ ಅದರಲ್ಲಿ ತಂಗಿಯ ನಂಬರನ್ನು ಗುರುತಿಸಿದಳು. ಇಡೀ ಊರು ತನ್ನ ತಂಗಿಯನ್ನು ಕಾಯುತ್ತಿದೆ ಎಂದು ತಿಳಿದ ಆ ಮುಖವನ್ನು ನಾನು ನೋಡಬಾರದಿತ್ತು. ಆ ಸಾಲನ್ನು ತಾತ್ಕಾಲಿಕವಾಗಿ ತೆಗೆದು ಕಂಪ್ಯೂಟರನ್ನು ಮತ್ತೆ ಎಬ್ಬಿಸಿದಾಗ ಊರು ಒಮ್ಮೆಲೇ ಬಾಯಿಬಿಟ್ಟಿತು. ಬಿಟ್ಟ ಬಾಯಿ ನನ್ನ ಹೆಸರನ್ನೇ ಹೇಳಿತು.

ಸಂಜೆಯೇ ಸಭೆ ಸೇರಿತು. "ಸರಳ ಲೆಕ್ಕ" ಎಂದರು ಶೇಷಗಿರಿ ಮಾಸ್ತರರು. "ಗೈರುಹಾಜರಿ ಇದ್ದವರ ಹೆಸರು ಹೊಡೆದು ಹಾಕೂದು."

"ಸತ್ತವರ ಹೆಸರು ಹೊಡೀತಾರ್ರಿ ಮಾಸ್ತರ. ನನ್ನ ತಂಗಿ ಸತ್ತಿಲ್ಲ" ಎಂದಳು ಚಂಪವ್ವ. ಹಿಂದಿನ ಸಾಲಿನಲ್ಲಿ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಿರಣಿ ನಡೆಯುತ್ತಿಲ್ಲದ ಜಾಗದಲ್ಲೂ ಅವಳ ಧ್ವನಿ ಗಿರಣಿಯ ಎತ್ತರದಲ್ಲೇ ಇತ್ತು.

ನಾನು ಎದ್ದು ಹೇಳಿದೆ. ಹೊಡೆದು ಹಾಕಬೇಕಾಗಿಲ್ಲ. ಸಾಲಿನ ಕೊನೆಗೆ ನೋಫೇಲ್ ಎಂದೊಂದು ಪದ ಸೇರಿಸಿದರೆ ಸಾಕು. ಡಬ್ಬಿ ಇದ್ದರೆ ತೆರೆಯುತ್ತದೆ, ಇಲ್ಲದಿದ್ದರೆ ಕಂಪ್ಯೂಟರು ನಿಲ್ಲದೆ ಮುಂದೆ ಹೋಗುತ್ತದೆ.

"ಆ ಪದಾ ಅಂದ್ರ ಏನು?" ಎಂದಳು ಚಂಪವ್ವ.

ತತ್ವಶಾಸ್ತ್ರ ಓದಿದವನು ಅಲ್ಲಿ ಸ್ವಲ್ಪ ಜಾಣನಾಗಬೇಕಿತ್ತು. "ಬರದಿದ್ದರೂ ನಡೆಯುತ್ತದೆ ಅಂತ" ಎಂದೆ.

ಚಂಪವ್ವ ಕೌದಿಯನ್ನು ಮಡಚಿದಳು, ಮತ್ತೆ ಬಿಡಿಸಿದಳು. "ನನ್ನ ತಂಗಿ ಹೆಸರಿನ ಮುಂದ ಹಂಗ ಬರೀತೀಯೇನು? ನಾಳೆ ಆಕಿ ಬಂದು ಓದಿದ್ರ? ಆಕಿ ನನ್ನಂಗಲ್ಲ, ಓದಾಕ ಬರ್ತೈತಿ ಆಕಿಗೆ. ಒಮ್ಮೆ ನಾ ಅಂದ ಮಾತು ಸಾಲಲಿಲ್ಲೇನು, ಈಗ ಊರೆಲ್ಲಾ ಸೇರಿ ಅಂತೀರಿ?"

"ಬರೀ ಒಂದು ಪದಾ ಅದ ಬಿಡವಾ, ಬರೀಲಿ" ಎಂದರು ವಿರೂಪಣ್ಣನವರು.

"ಬರೀ ಒಂದು ಪದಾ ಇದ್ರ ನಿಮ್ಮ ಹೆಸರಿನ ಮುಂದೂ ಬರಸ್ರಿ. ಎಲ್ಲಾರ ಮುಂದೂ ಬರಸ್ರಿ. ವಿರೂಪಣ್ಣ ಅಧ್ಯಕ್ಷರು, ಬರದಿದ್ದರೂ ನಡೆಯುತ್ತದೆ. ಶೇಷಗಿರಿ ಮಾಸ್ತರು, ಬರದಿದ್ದರೂ ನಡೆಯುತ್ತದೆ. ಹೂಂ, ಕೈ ಎತ್ರಿ."

ಸಭೆಯಲ್ಲಿ ಒಂದು ಮೌನ ಬಂತು. ಇದು ಡಬ್ಬಿ ಮುಚ್ಚಿದಾಗಿನ ಮೌನವಲ್ಲ. ಎಲ್ಲರ ಡಬ್ಬಿಯೂ ತೆರೆದೇ ಇತ್ತು. ತಾನಿಲ್ಲದಿದ್ದರೂ ಊರು ನಡೆಯುತ್ತದೆಂದು ಬರಹದಲ್ಲಿ ಒಪ್ಪಿಕೊಳ್ಳುವ ಒಂದು ಕೈಯೂ ಮೇಲೇಳಲಿಲ್ಲ. ನನ್ನದೂ ಏಳಲಿಲ್ಲ.

ಕೊನೆಗೆ ನಾನೇ ಇನ್ನೊಂದು ದಾರಿ ಹೇಳಿದೆ. ಎಷ್ಟು ಹೊತ್ತು ಕಾಯಬೇಕೆಂದೂ ಕಡತದಲ್ಲಿ ಬರೆಯಬಹುದು. ಆ ಹೊತ್ತು ಮುಗಿದ ಮೇಲಷ್ಟೇ ಮುಂದೆ ಹೋಗುವಂತೆ ಮಾಡಬಹುದು.

"ಎಷ್ಟೊತ್ತು?" ಎಂದಳು ಚಂಪವ್ವ ತಕ್ಷಣ. "ಒಂದು ಡಬ್ಬಿ ಜೋಳ ಬೀಸೂವಷ್ಟು ಕಾಯ್ರಿ."

"ಒಂದು ಚಿಟಿಕಿ ಹೊಡಿಯುವಷ್ಟು" ಎಂದರು ಅಧ್ಯಕ್ಷರು.

"ಚಿಟಿಕಿ ಹೊಡದ್ರ ನಿಮ್ಮ ಎಮ್ಮಿನೂ ಬರಾಂಗಿಲ್ಲ."

ಬದನೆಕಾಯಿಗೆ ಆಗುವಂತೆ ಚೌಕಾಸಿ ನಡೆಯಿತು. ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತಿಗೆ ಎರಡೂ ಕಡೆಯವರು ಇಳಿದು, ಏರಿ ಬಂದು ನಿಂತರು. ಬಿಸಿ ಚಹಾವೋ ಆರಿದ್ದೋ ಎಂದು ಶೇಷಗಿರಿ ಮಾಸ್ತರರು ಕೇಳುವಷ್ಟರಲ್ಲಿ ಸಭೆ ಏಳತೊಡಗಿತ್ತು. ನಾನು ಅನಸೂಯಾಳ ಸಾಲನ್ನು ಕಡತದ ಮೇಲ್ತುದಿಗೆ ಒಯ್ದು, ಉಳಿದ ಎಲ್ಲರೂ ಅದರ ಹಿಂದೆ ನಿಲ್ಲುವಂತೆ ಬರೆದೆ. ಹೀಗೆ ಊರಿನಲ್ಲಿ ಇಲ್ಲದ ಒಬ್ಬಳು ಅಧ್ಯಕ್ಷರಿಗಿಂತ ಮೇಲೆ ಕೂತಳು. ಅವರು ಕಡತ ಓದುವವರಲ್ಲ.

ಉಳಿದವರ ಸಾಲುಗಳಿಗೆ ಆ ಪದವಾಗಲಿ, ಇಷ್ಟೇ ಹೊತ್ತು ಕಾಯಬೇಕೆಂಬ ಮಿತಿಯಾಗಲಿ ಸೇರಲಿಲ್ಲ. ಒಮ್ಮೆ ವಿರೂಪಣ್ಣನವರು ಯಾವುದೋ ಸಮ್ಮೇಳನದಲ್ಲಿ ಭಾಷಣ ಮಾಡಲು ಡಬ್ಬಿ ಒಯ್ದರು. ಅವರ ಸಾಲಿಗೆ ಬಂದು ಕಂಪ್ಯೂಟರು ನಿಂತಿತು. ಅವರು ತಿರುಗಿ ಬರುವ ತನಕ ಊರು ಮೂಕವಾಗಿತ್ತು. ಅಧ್ಯಕ್ಷರ ಸಾಲು ತೆಗೆಯಲು ನಿರ್ಣಯ ಬೇಕು, ನಿರ್ಣಯಕ್ಕೆ ಅಧ್ಯಕ್ಷರು ಬೇಕು. "ನಾ ಇಲ್ದ ತೊಂದ್ರಿ ಆತೇನು?" ಎಂದು ಬಂದು ಕೇಳಿದರು. "ಭಾಳ ಆತ್ರೀ, ಮಾತ ಹೊರಡಲಿಲ್ಲ" ಎಂದರು ಎಲ್ಲರೂ. ಅವರ ಕಣ್ಣು ತುಂಬಿ ಬಂತು.

ಜನ ಆ ಒಂದು ಕಪ್ ಚಹಾದ ಹೊತ್ತಿಗೆ ಹೊಂದಿಕೊಂಡರು. ಕರೆಂಟು ಬರುವುದು, ಬಲ್ಬು ಹತ್ತುವುದು, ಆಮೇಲೆ ಆ ಬಿಡುವು. ಕೆಲವರು ಬಾಯಿ ಮುಕ್ಕಳಿಸಿದರು, ಕೆಲವರು ನಿಜಕ್ಕೂ ಚಹಾ ಕುಡಿದರು. ರಾತ್ರಿ ಮುನಿಸಿಕೊಂಡು ಮಲಗಿದವರು ಬೆಳಿಗ್ಗೆ ಹೇಳಬೇಕೆಂದಿದ್ದ ಮಾತನ್ನು ಆ ಹೊತ್ತಿನಲ್ಲಿ ತುಸು ತಿದ್ದಿಕೊಂಡರು ಎಂದು ಕೇಳಿದ್ದೇನೆ. ಯಾಕೆ ಕಾಯುತ್ತಿದ್ದೇವೆ ಎಂಬುದನ್ನು ಹೆಚ್ಚಿನವರು ಮರೆತರು. ಅದಕ್ಕೆ ಅನಸೂಯಾಳ ಹೊತ್ತು ಎನ್ನುವುದನ್ನು ಮಾತ್ರ ಬಿಡಲಿಲ್ಲ. "ಅನಸೂಯಾನ ಹೊತ್ತಿನಾಗ ಹಾಲು ಕಾಸಿಬಿಡು" ಎಂದು ಅತ್ತೆಯರು ಸೊಸೆಯರಿಗೆ ಹಿಂದಿನ ದಿನವೇ ಹೇಳಿ ಮಲಗುತ್ತಿದ್ದರು. ಚಂಪವ್ವ ಅದು ಮುಗಿಯುವ ತನಕ ಗಿರಣಿಯ ಗುಂಡಿಯ ಮೇಲೆ ಕೈಯಿಟ್ಟು ನಿಂತಿರುತ್ತಿದ್ದಳು. ಬೀದಿಯಲ್ಲಿ ಮೊದಲ ಮಾತು ಕೇಳಿದ ಮೇಲೆ ಗುಂಡಿ ಒತ್ತುತ್ತಿದ್ದಳು. ಇವತ್ತೂ ಬರಲಿಲ್ಲ ಎಂಬುದನ್ನು ಅವಳಿಗೆ ಯಾರೂ ಬಂದು ಹೇಳಬೇಕಾಗಿರಲಿಲ್ಲ. ಇಡೀ ಊರು ಒಟ್ಟಿಗೆ ಹೇಳುತ್ತಿತ್ತು. ನನಗೂ ಆ ಬಿಡುವು ಹಿತವಾಗಿತ್ತು. ಕೆಲಸವಿಲ್ಲದ ನೌಕರಿಯಲ್ಲಿ ಕೇಳಲು ಒಂದಾದರೂ ಮೌನ ಉಳಿದಿತ್ತು.

ಒಂದು ಬೆಳಿಗ್ಗೆ ಕರೆಂಟು ಬಂತು, ಬಲ್ಬು ಹತ್ತಿತು, ಬಿಡುವು ಬರಲಿಲ್ಲ.

ಮುಕ್ಕಳಿಸುತ್ತಿದ್ದವರ ಬಾಯಲ್ಲಿ ನೀರಿದ್ದಾಗಲೇ ಧ್ವನಿ ಬಂದುಬಿಟ್ಟಿತು. ಮನೆಮನೆಯಲ್ಲೂ ಜನ ಕೆಮ್ಮಿದರು. ಇನ್ನೂ ತಿದ್ದಿಕೊಳ್ಳದ ಮಾತುಗಳು ಹಾಗೆಯೇ ಹೊರಗೆ ಬಿದ್ದವು. ಹಾಲು ಉಕ್ಕಿತು. "ಏ ಪದವೀಧರ, ಮತ್ತೇನ್ ಕೆಡಿಸಿದಿ?" ಎಂದು ವಿರೂಪಣ್ಣನವರು ತಮ್ಮ ಅಂಗಳದಿಂದಲೇ ಕೂಗಿದ್ದು ನನಗೆ ಕೇಳಿಸಿತು. ನಾನು ತಿರುಗಿ ಮೊಳೆಗಳ ಕಡೆ ನೋಡಿದೆ. ಖಾಲಿ ಮೊಳೆಯ ಮೇಲೆ ಒಂದು ಚೀಲವಿತ್ತು. ಬೇರೆ ಊರಿನ ಅರಿವೆ, ಹೊಸ ಹೊಲಿಗೆ. ಕೋಣೆಗೆ ಬೀಗವಿಲ್ಲ. ರಾತ್ರಿ ಯಾರೋ ಬಂದು, ಯಾರನ್ನೂ ಬೇಡದೆ, ತಂತಿ ಸಿಕ್ಕಿಸಿ ಹೋಗಿದ್ದರು. ಡಬ್ಬಿಗಳು ತಾವಾಗಿ ತೆರೆಯುವ ಸುದ್ದಿ ಬಸ್ಸು ಹತ್ತಿ ಹೊರಗೂ ಹೋಗಿರಬೇಕು.

ನಾನು ಗಿರಣಿಗೆ ಓಡಿದೆ. ಜೋಳದ ಡಬ್ಬಿಗಳನ್ನು ಹೊತ್ತ ಹೆಂಗಸರು ಅಲ್ಲಲ್ಲೇ ನಿಂತಿದ್ದರು. ಚಂಪವ್ವನ ಕೈ ಗುಂಡಿಯ ಮೇಲೇ ಇತ್ತು. ಅವಳೆದುರು ಜೋಳದ ಚೀಲವೊಂದರ ಮೇಲೆ ಅನಸೂಯಾ ಕೂತಿದ್ದಳು, ತುಸು ಸೊರಗಿದ್ದಳು. ಇಬ್ಬರ ಡಬ್ಬಿಯೂ ತೆರೆದಿತ್ತು. ಇಬ್ಬರೂ ಮಾತಾಡಲಿಲ್ಲ. ಮೌನಗಳ ಬಗ್ಗೆ ನನಗೆ ಅಷ್ಟಿಷ್ಟು ಗೊತ್ತೆಂದು ತಿಳಿದಿದ್ದೆ. ಇದಕ್ಕೆ ನನ್ನ ಬಳಿ ಹೆಸರಿರಲಿಲ್ಲ.

ಅನಸೂಯಾ ಹಿಟ್ಟು ಬೀಳುವ ಡೋಣಿಯಲ್ಲಿ ಉಳಿದಿದ್ದ ನಿನ್ನೆಯ ಹಿಟ್ಟನ್ನು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ ನೋಡಿದಳು.

"ಇನ್ನೂ ತರಿತರೀನ ಬೀಸ್ತಿ ಏನಕ್ಕಾ?"

"ಬಾಯಿ ಮುಚ್ಚ!" ಎಂದಳು ಚಂಪವ್ವ.

ಅಂದವಳೇ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಳು. ಜೋಳ ಹೊತ್ತ ಹೆಂಗಸರಲ್ಲಿ ಒಬ್ಬಳು ಆಗಲೇ ಬಸ್ಸು ನಿಲ್ಲುವ ಕಡೆಗೆ ನೋಡತೊಡಗಿದ್ದಳು. ಚಂಪವ್ವ ಗುಂಡಿಯಿಂದ ಕೈ ತೆಗೆದು, ಎರಡು ಹೆಜ್ಜೆ ಬಂದು, ತಂಗಿಯ ರಟ್ಟೆ ಹಿಡಿದುಕೊಂಡಳು.

"ಇಲ್ಲ, ಇಲ್ಲ. ಮಾತಾಡು" ಎಂದಳು. "ಏನರ ಅನ್ನು. ಬೈಯಿ."

ಅನಸೂಯಾ ಬೈದಳು. ಸಾಲಿನಲ್ಲಿದ್ದವರ ಜೋಳ ಅಂದು ಮಧ್ಯಾಹ್ನವಾದರೂ ಬೀಸಿ ಮುಗಿಯಲಿಲ್ಲ. ಹಿಟ್ಟು ನುಣ್ಣಗೆ ಬಂತು ಎಂದು ಯಾರೂ ತಕರಾರು ಮಾಡಲಿಲ್ಲ, ತಡವಾಯಿತು ಎಂದು ಎಲ್ಲರೂ ಮಾಡಿದರು. ಆ ಬಿಡುವಿನ ಹೊತ್ತನ್ನು ವಾಪಸು ಕೊಡಿಸಬೇಕೆಂದು, ಮುಕ್ಕಳಿಸಲು ಆಗುತ್ತಿಲ್ಲವೆಂದು ವಿರೂಪಣ್ಣನವರು ಮುಂದಿನ ಸಭೆಯಲ್ಲಿ ವಿಷಯ ಎತ್ತುವವರಿದ್ದಾರೆ. ಅದಕ್ಕೆ ಯಾರಾದರೊಬ್ಬರು ಊರು ಬಿಟ್ಟು ಹೋಗಬೇಕಾಗುತ್ತದೆ ಎಂದು ನಾನು ತಿಳಿಸಿದ್ದೇನೆ. ತಾವಾಗಿ ಹೋಗುತ್ತೇನೆಂದವರು ಇನ್ನೂ ಯಾರೂ ಇಲ್ಲ.